ಓಡುವಾಗ ಸರಿ, ನಿಂತರೆ ಹೀಟು: ಪಿಕಪ್ ಗಾಡಿಯ ಒಂದು ದೂರಿನ ಬಗ್ಗೆ

(ಗಂಗಾವತಿಯಲ್ಲಿ ಪಿಕಪ್ ಓಡಿಸುವವರು ಮತ್ತು ಗ್ಯಾರೇಜ್ ಕೆಲಸ ಕಲಿಯುತ್ತಿರುವ ಹುಡುಗರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಕುಂಯ್ ಅನ್ನುತ್ತಿದೆ, ಹೊಂದಿಕೊಳ್ಳಿ. ಹಿಂದೆ ಕೂತವರು ಮುಂದೆ ಬಂದರೆ ಇನ್ನೂ ಒಳ್ಳೆಯದು.

ಇವತ್ತು ಒಂದೇ ದೂರಿನ ಬಗ್ಗೆ ಮಾತಾಡುತ್ತೇನೆ. ನಮ್ಮ ಕಡೆ ಡ್ರೈವರ್ ಗ್ಯಾರೇಜಿಗೆ ಬಂದು ಅದನ್ನು ಹೇಳುವುದು ಹೀಗೆ: "ಹೊಂಟ್ರ ಏನೂ ಇಲ್ರೀ ಅಣ್ಣಾರ, ನಿಂತ್ರ ಕಾಯ್ತೈತ್ರೀ." ಅರ್ಧ ಉತ್ತರ ಈ ಮಾತಿನಲ್ಲೇ ಇದೆ. ಆದರೆ ಅದನ್ನು ಕೇಳಿಸಿಕೊಳ್ಳುವವರು ಕಡಿಮೆ. ಹೀಟ್ ಅನ್ನುವ ಶಬ್ದ ಕಿವಿಗೆ ಬಿದ್ದ ತಕ್ಷಣ ಒಬ್ಬ ರೇಡಿಯೇಟರ್ ಬಿಚ್ಚುತ್ತಾನೆ, ಇನ್ನೊಬ್ಬ ನೀರು ಕಾದಾಗ ರೇಡಿಯೇಟರ್ ದಾರಿ ತೆರೆಯುವ ವಾಲ್ವನ್ನು, ಅಂದರೆ ಥರ್ಮೋಸ್ಟಾಟನ್ನು ಕಿತ್ತು ಡಬ್ಬಿಗೆ ಎಸೆಯುತ್ತಾನೆ, ಅದಕ್ಕೂ ಬಗ್ಗದಿದ್ದರೆ "ಹೆಡ್ ಇಳಿಸಬೇಕಾಗುತ್ತೆ", ಅಂದರೆ ಎಂಜಿನ್‌ನ ಮೇಲ್ಭಾಗವನ್ನೇ ಬಿಚ್ಚಬೇಕಾಗುತ್ತೆ ಅಂತ ಮೂರನೆಯವನು ಮಾಲೀಕನ ಎದೆ ಒಡೆಯುತ್ತಾನೆ. ಪ್ಯಾಕಿಂಗ್, ಹೆಡ್ ಫೇಸಿಂಗ್, ಲೇಬರ್ ಎಲ್ಲ ಸೇರಿ ದುಡ್ಡು ಹೋಗುತ್ತದೆ. ಗಾಡಿ ಮನೆ ಸೇರುತ್ತದೆ. ಮತ್ತೆ ರೈಸ್‌ಮಿಲ್ ಮುಂದೆ ಲೈನಲ್ಲಿ ನಿಂತರೆ ಮತ್ತೆ ಕಾಯುತ್ತದೆ!

ಒಂದು ಸಣ್ಣ ಲೆಕ್ಕ ಹಾಕೋಣ. ಎಂಜಿನ್‌ನಲ್ಲಿ ಸುಟ್ಟ ಡೀಸೆಲ್‌ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಚಕ್ರ ತಿರುಗಿಸಲು ಸಿಗುತ್ತದೆ. ಇನ್ನೊಂದು ಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ನೀರು ಹೊತ್ತುಕೊಂಡು ಹೋಗಿ ರೇಡಿಯೇಟರ್‌ನಲ್ಲಿ ಗಾಳಿಗೆ ಕೊಡಬೇಕು. ಲೋಡ್ ಹಾಕಿಕೊಂಡು ಏರು ಹತ್ತುವಾಗ ಡೀಸೆಲ್ ಜಾಸ್ತಿ ಉರಿಯುತ್ತದೆ, ಬಿಸಿಯೂ ಜಾಸ್ತಿ. ಸುಮ್ನೆ ನಿಂತು ಎಂಜಿನ್ ಸ್ಲೋದಲ್ಲಿ, ಅಂದರೆ ರೇಸ್ ಕೊಡದೆ ಓಡುವಾಗ ಉರಿಯುವ ಡೀಸೆಲ್ ತೀರಾ ಕಡಿಮೆ, ಬಿಸಿಯೂ ಕಡಿಮೆ. ಅಷ್ಟು ಕಡಿಮೆ ಬಿಸಿಯನ್ನೂ ಹೊರಗೆ ಹಾಕಲು ಆಗುತ್ತಿಲ್ಲ ಅಂದರೆ ಏನರ್ಥ? ನಿಂತಾಗ ಇಲ್ಲದೇ ಹೋಗಿ, ಓಡುವಾಗ ಪುಕ್ಕಟೆ ಸಿಗುವ ಯಾವುದೋ ಒಂದು ಇರಬೇಕು ಅಲ್ವಾ?

ಅದು ಗಾಳಿ. 60ರ ವೇಗದಲ್ಲಿ ಹೋಗುವ ಗಾಡಿಗೆ ಫ್ಯಾನ್ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ಬಹಳ ಮಟ್ಟಿಗೆ ನಡೆಯುತ್ತದೆ. ಮುಂದಿನ ಜಾಲಿಯಿಂದ ಗಾಳಿ ತಾನೇ ನುಗ್ಗುತ್ತದೆ. ನಿಂತ ಮೇಲೆ ಇಡೀ ಭಾರ ಫ್ಯಾನಿನ ಮೇಲೆ. ಹಾಗಾಗಿ ನಿಂತಾಗ ಮಾತ್ರ ಹೀಟ್ ಆದರೆ ಮೊದಲು ಗಾಳಿಯ ದಾರಿ ನೋಡಿ. ಹೊಸಪೇಟೆಯಿಂದ ಕುಷ್ಟಗಿ ಕಡೆ ಹೈವೇಯಲ್ಲಿ ಜೋರಾಗಿ ಹೋಗುವಾಗಲೇ ಹೀಟ್ ಮೀಟರಿನ ಮುಳ್ಳು ಏರಿ, ಊರೊಳಗೆ ನಿಧಾನ ಆದಾಗ ಇಳಿದರೆ ಅದು ಬೇರೆ ಕಥೆ. ಅಲ್ಲಿ ನೀರಿನ ದಾರಿ ನೋಡಬೇಕು: ಒಳಗೆ ಕಟ್ಟಿದ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್, ಜೋರಾಗಿ ಹೋಗುವಾಗ ಒಳಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್. ಇವೆರಡನ್ನು ಬೇರೆ ಮಾಡಿಕೊಳ್ಳದೆ ಪಾನಾ ಕೈಗೆ ತಗೊಳ್ಳಬೇಡಿ.

ನಮ್ಮ ಭಾಗದಲ್ಲಿ ಗಾಡಿಗಳು ನಿಲ್ಲುವುದೂ ಜಾಸ್ತಿ. ಬೇಸಿಗೆ ಭತ್ತದ ಸುಗ್ಗಿ ಬರುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್‌ಗಳ ಮುಂದೆ ಲೈನ್ ಹಚ್ಚುತ್ತಾರೆ, ಹೊರಗೆ 40, 41 ಡಿಗ್ರಿ ಇರುತ್ತದೆ, ಕ್ಯಾಬಿನ್‌ನಲ್ಲಿ ಎಸಿ ಇದ್ದರೆ ಯಾರೂ ಎಂಜಿನ್ ಬಂದ್ ಮಾಡುವುದಿಲ್ಲ. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲೂ ಇದೇ ಕಥೆ, ಬಳ್ಳಾರಿ ಊರೊಳಗಿನ ರೈಲ್ವೆ ಗೇಟಿನಲ್ಲೂ ಇದೇ ಕಥೆ. ಸುಸ್ತಾದ ಫ್ಯಾನ್ ಜನವರಿಯಲ್ಲಿ ಹೇಗೋ ಮರೆಯಲ್ಲಿ ಇರುತ್ತದೆ, ಮೇ ತಿಂಗಳಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ಪರೀಕ್ಷೆಗೆ ಬರೋಣ. ಗಾಡಿ ನಿಜವಾಗಿ ಕಾಯುತ್ತಿದೆಯಾ ಅನ್ನುವುದು ಮೊದಲ ಪ್ರಶ್ನೆ. ನಗಬೇಡಿ. ಡ್ಯಾಶ್‌ಬೋರ್ಡಿನ ಮುಳ್ಳು ಸುಳ್ಳು ಹೇಳುತ್ತದೆ, ಎರಡೂ ಕಡೆಗೆ. ಎಂಜಿನ್‌ನ ಅರ್ತ್ ವೈರ್ ತುಕ್ಕು ಹಿಡಿದಿದ್ದರೆ ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಹಾಕಿದ ತಕ್ಷಣ ಮುಳ್ಳು ಮೇಲೆ ಜಿಗಿಯುತ್ತದೆ. ನೀರು ಅಷ್ಟು ಬೇಗ ಬಿಸಿ ಆಗಲು ಸಾಧ್ಯವೇ ಇಲ್ಲ, ಅದು ಕರೆಂಟಿನ ತಂಟೆ. ಈಗಿನ ಹಲವು ಗಾಡಿಗಳಲ್ಲಿ ಮುಳ್ಳನ್ನು ಬೇಕಂತಲೇ ನಡುವೆ ನಿಲ್ಲುವಂತೆ ಮಾಡಿರುತ್ತಾರೆ. ಬಿಸಿ ಸುಮಾರು ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಅದು ಅಲ್ಲಾಡುವುದಿಲ್ಲ. ಅಂಥ ಗಾಡಿಯಲ್ಲಿ ಮುಳ್ಳು ನಡುವಿನಿಂದ ಮೇಲೆ ಎದ್ದಿತು ಅಂದರೆ ಆಗಲೇ ತಡವಾಗಿದೆ. ಇನ್ನೂ ಅಪಾಯದ್ದು ಯಾವುದು ಗೊತ್ತಾ? ಮೇಲೆ ಇದ್ದ ಮುಳ್ಳು ತಟ್ಟನೆ ಕೆಳಗೆ ಬೀಳುವುದು. ಡ್ರೈವರ್ "ತಣ್ಣಗಾಯ್ತು" ಅಂತ ಖುಷಿಪಡುತ್ತಾನೆ. ನೀರು ಖಾಲಿಯಾಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರುತ್ತದೆ, ಅದಕ್ಕೆ ಬಿಸಿ ತಟ್ಟುತ್ತಿರುವುದಿಲ್ಲ ಅಷ್ಟೆ.

ಹಾಗಾಗಿ ಸ್ಕ್ಯಾನರ್ ಇದ್ದರೆ ಹಚ್ಚಿ, ಕೂಲಂಟ್, ಅಂದರೆ ರೇಡಿಯೇಟರ್ ನೀರಿನ ಟೆಂಪರೇಚರ್ ಎಷ್ಟಿದೆ ಅಂತ ಅಂಕಿಯಲ್ಲೇ ನೋಡಿ. ಇಲ್ಲದಿದ್ದರೆ ಗನ್ ಥರ್ಮಾಮೀಟರ್ ಸಾಕು, ಈಗ ಅದು ದುಬಾರಿ ಅಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರ ಹಿಡಿದರೆ ಮಾತ್ರ ಗನ್ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಕೂತಿರುವ ಜಾಗಕ್ಕೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಹಿಡಿಯಿರಿ. 85ರಿಂದ 95, ಎಸಿ ಹಾಕಿ ಬಿಸಿಲಲ್ಲಿ ನಿಂತಾಗ ನೂರರ ಹತ್ತಿರ ಹೋಗಿ ಫ್ಯಾನ್ ಬಂದ ಮೇಲೆ ಇಳಿಯುವುದು, ಇಷ್ಟು ಸಾಮಾನ್ಯ. 105 ದಾಟಿ ಏರುತ್ತಲೇ ಇದ್ದರೆ ದೂರು ನಿಜ.

ಈಗ ಗಾಳಿ. ಗಾಡಿಯ ಮುಂದೆ ನಿಂತುಕೊಳ್ಳಿ. ಬಾನೆಟ್ ಎತ್ತಬೇಡಿ, ಸುಮ್ನೆ ನೋಡಿ. ಜಾಲಿಯ ಮುಂದೆ ಏನೇನಿದೆ? ಕಬ್ಬಿಣದ ಗಾರ್ಡು, ನಾಲ್ಕು ಎಕ್ಸ್‌ಟ್ರಾ ಲೈಟು, ಮಗಳ ಹೆಸರಿನ ಬೋರ್ಡು, ದೇವರ ಫೋಟೋ ಇರುವ ಫ್ಲೆಕ್ಸು, ಮಹಾನವಮಿಗೆ ಕಟ್ಟಿ ಇನ್ನೂ ಬಿಚ್ಚದ ಚೆಂಡು ಹೂವಿನ ಮಾಲೆ. ಭಕ್ತಿಗೆ ನನ್ನದೇನೂ ಅಡ್ಡಿ ಇಲ್ಲ. ಆದರೆ ದೇವರನ್ನು ಗಾಳಿಯ ಬಾಯಿಗೆ ಕೂರಿಸಬೇಡಿ, ಗ್ಲಾಸಿನ ಮೇಲೆ ಬೇಕಾದಷ್ಟು ಜಾಗ ಇದೆ.

ಆಮೇಲೆ ಬಾನೆಟ್ ಎತ್ತಿ ರೇಡಿಯೇಟರ್ ನೋಡಿ. ಎಸಿ ಇಲ್ಲದ ಗಾಡಿಯಲ್ಲಿ ರೇಡಿಯೇಟರ್‌ನ ಮುಖ ಕಣ್ಣಿಗೇ ಕಾಣುತ್ತದೆ. ಎಸಿ ಗಾಡಿಯಲ್ಲಿ ಮುಂದೆ ಕಾಣುವುದು ಎಸಿಯ ಬಿಸಿ ಹೊರಗೆ ಹಾಕುವ ಕಂಡೆನ್ಸರ್, ರೇಡಿಯೇಟರ್ ಅದರ ಹಿಂದೆ. ಎರಡರ ನಡುವೆ ಒಂದೆರಡು ಬೆರಳಿನಷ್ಟು ಸಂದು. ನಮ್ಮ ಭಾಗದ ಗಾಡಿಗಳ ಊರು ಯಾವುದು ಅಂತ ಆ ಸಂದನ್ನು ನೋಡಿಯೇ ಹೇಳಬಹುದು. ಗಂಗಾವತಿ, ಸಿಂಧನೂರು ಕಡೆಯದಾದರೆ ಭತ್ತದ ಹೊಟ್ಟು, ಹುಲ್ಲಿನ ಚೂರು. ರಾಯಚೂರು ಕಡೆಯದಾದರೆ ಹತ್ತಿ ಎಳೆ, ಅದು ಒಳಗೆ ಹಾಸಿಗೆ ಹಾಸಿದ ಹಾಗೆ ಕೂತಿರುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡುವುದಾದರೆ ಕೆಂಪು ಅದಿರಿನ ಧೂಳು. ಅದಕ್ಕೆ ಎಲ್ಲೋ ಸೋರಿದ ಆಯಿಲ್ ಸೇರಿದರೆ ಸಿಮೆಂಟ್ ಆಗಿಬಿಡುತ್ತದೆ. ಮುಂದಿನಿಂದ ಟಾರ್ಚ್ ಹಿಡಿದು ನೋಡಿದರೆ ಕಂಡೆನ್ಸರ್ ಚೆನ್ನಾಗಿಯೇ ಕಾಣುತ್ತದೆ, ಮೋಸ ಇರುವುದು ಅದರ ಹಿಂದೆ. ಎಂಜಿನ್ ಕಡೆಯಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಬೆಳಕು ತೂರಿ ಬರದ ಜಾಗದಲ್ಲಿ ಗಾಳಿಯೂ ತೂರುವುದಿಲ್ಲ.

ತೊಳೆಯುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಬೇಕು. ಕಸ ಮುಂದಿನಿಂದ ಹೊಕ್ಕಿದೆ, ಅದೇ ದಾರಿಯಲ್ಲಿ ಹೊರಗೆ ಹೋಗಬೇಕು. ವಾಟರ್ ಸರ್ವಿಸ್‌ನವರು ಪ್ರೆಶರ್ ಗನ್ನನ್ನು ಮುಂದಿನಿಂದ ನೇರ ಹಿಡಿದರೆ ಎರಡು ಕೆಡುಕು: ಕಸ ಇನ್ನೂ ಒಳಗೆ ಹೋಗುತ್ತದೆ, ತೆಳ್ಳನೆಯ ರೆಕ್ಕೆಗಳು ಮಡಚಿಕೊಂಡು ಬಾಗಿಲು ಹಾಕಿದಂತಾಗುತ್ತದೆ. ಸಾದಾ ಪೈಪಿನ ನೀರು, ಸ್ವಲ್ಪ ಶಾಂಪೂ, ಮೆತ್ತನೆಯ ಬ್ರಷ್ ಸಾಕು. ಬಹಳ ಕಟ್ಟಿದ್ದರೆ ಕಂಡೆನ್ಸರ್‌ನ ಬೋಲ್ಟ್ ಸಡಿಲಿಸಿ, ಗ್ಯಾಸ್ ಪೈಪ್ ಬಿಚ್ಚದೆ ಸ್ವಲ್ಪ ಮುಂದಕ್ಕೆ ವಾಲಿಸಿ ಸಂದು ತೊಳೆಯಿರಿ.

ನಮ್ಮವರು ಲೆಕ್ಕಕ್ಕೇ ಇಡದ ಇನ್ನೊಂದು ಸಾಮಾನಿದೆ, ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಕವರ್, ಅಂದರೆ ಶ್ರೌಡ್. ಬೆಲ್ಟ್ ಬದಲಿಸಲು ಅಡ್ಡ ಬಂತು ಅಂತ ಒಬ್ಬ ಬಿಚ್ಚುತ್ತಾನೆ, ಕ್ಲಿಪ್ ಮುರಿಯುತ್ತದೆ, "ಇದೇನೂ ಬೇಕಾಗಿಲ್ಲ ಬಿಡ್ರೀ" ಅಂತ ಮೂಲೆಗೆ ಎಸೆಯುತ್ತಾನೆ. ಅದು ಬೇಕು. ಕವರ್ ಇದ್ದರೆ ಫ್ಯಾನ್ ಇಡೀ ರೇಡಿಯೇಟರ್‌ನಿಂದ ಗಾಳಿ ಎಳೆಯುತ್ತದೆ. ಕವರ್ ಇಲ್ಲದಿದ್ದರೆ ಎಂಜಿನ್ ಪಕ್ಕದಲ್ಲಿರುವ ಬಿಸಿ ಗಾಳಿಯನ್ನೇ ಸುತ್ತಿ ಸುತ್ತಿ ಕಲಕುತ್ತದೆ, ರೇಡಿಯೇಟರ್‌ನ ಮೂಲೆಗಳಿಗೆ ಗಾಳಿಯೇ ತಾಕುವುದಿಲ್ಲ. ಹಾಗೆಯೇ ರೇಡಿಯೇಟರ್ ಪಕ್ಕ, ಮೇಲೆ ಇರುವ ರಬ್ಬರ್ ಅಥವಾ ಸ್ಪಂಜಿನ ಪಟ್ಟಿ. ಆ್ಯಕ್ಸಿಡೆಂಟ್ ಆಗಿ ಮುಂಭಾಗ ರಿಪೇರಿಯಾದ ಗಾಡಿಗಳಲ್ಲಿ ಅದು ಮಾಯವಾಗಿರುತ್ತದೆ. ಆಗ ಹಿಂದೆ ಹೋದ ಬಿಸಿ ಗಾಳಿ ಸಂದಿನಿಂದ ತಿರುಗಿ ಮುಂದೆ ಬಂದು ಮತ್ತೆ ರೇಡಿಯೇಟರ್ ಹೊಗುತ್ತದೆ. ಓಡುವಾಗ ಹೀಗಾಗಲು ಆಗುವುದಿಲ್ಲ, ಎದುರು ಗಾಳಿ ಬಿಡುವುದಿಲ್ಲ. ನಿಂತಾಗ ಮಾತ್ರ.

ಇಲ್ಲಿ ಒಬ್ಬರು ಕೇಳಿದರು: "ಆಷಾಢದಾಗ ಬಿಸಿಲು ಕಡಿಮೀ ಇದ್ರೂ ನಿಂತಾಗ ಕಾಯ್ತೈತಲ್ರೀ, ಯಾಕ್ರೀ?" ಕಾಕಾ, ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಆಷಾಢದ ಗಾಳಿ ಹೇಗೆ ಬೀಸುತ್ತದೆ ಅಂತ ನಿಮಗೇ ಗೊತ್ತು. ಗಾಡಿಯ ಬೆನ್ನಿಗೆ ಗಾಳಿ ಬಡಿಯುವ ಹಾಗೆ ನಿಲ್ಲಿಸಿದರೆ ಫ್ಯಾನ್ ಹಿಂದಕ್ಕೆ ಎಳೆಯುತ್ತದೆ, ಹೊರಗಿನ ಗಾಳಿ ಬಿಸಿಯನ್ನು ಮುಂದಕ್ಕೆ ದಬ್ಬುತ್ತದೆ. ಗಾಡಿ ತಿರುಗಿಸಿ ಮುಖ ಗಾಳಿಗೆ ಕೊಟ್ಟು ನಿಲ್ಲಿಸಿ ನೋಡಿ. ಅದರಿಂದಲೇ ಮುಳ್ಳು ಇಳಿದರೆ ರಿಪೇರಿಯಾಯಿತು ಅಂತಲ್ಲ, ಆದರೆ ತೊಂದರೆ ಗಾಳಿಯದ್ದೇ ಅನ್ನುವುದಕ್ಕೆ ಪುಕ್ಕಟೆ ಸಾಕ್ಷಿ ಸಿಕ್ಕಿತು. ಮಿಲ್ ಲೈನಲ್ಲಿ ಮುಂದಿನ ಲಾರಿಯ ಸೈಲೆನ್ಸರ್‌ಗೆ ಮೂಗು ತಾಗಿಸಿ ನಿಲ್ಲುವುದೂ ಹೀಗೆಯೇ, ಅವನ ಬಿಸಿಯನ್ನು ನಿಮ್ಮ ರೇಡಿಯೇಟರ್ ಕುಡಿಯುತ್ತದೆ.

ಈಗ ಫ್ಯಾನಿಗೆ ಬಂದೆವು. ಇಲ್ಲೇ ಬಹಳಷ್ಟು ಕೇಸ್ ಮುಗಿಯುತ್ತವೆ. ಫ್ಯಾನ್ ಎರಡು ಥರ. ಎಂಜಿನ್ ಉದ್ದಕ್ಕೆ ಕೂತಿರುವ ಹಲವು ಪಿಕಪ್‌ಗಳಲ್ಲಿ ಬೆಲ್ಟಿನಿಂದ ತಿರುಗುವ ಫ್ಯಾನ್, ಅದರ ನಡುವೆ ವಿಸ್ಕಸ್ ಕ್ಲಚ್. ಉಳಿದವುಗಳಲ್ಲಿ ಕರೆಂಟ್ ಮೋಟರ್‌ನ ಫ್ಯಾನ್.

ವಿಸ್ಕಸ್ ಕ್ಲಚ್ ಅಂದರೆ ಮುಚ್ಚಿದ ಡಬ್ಬಿ, ಒಳಗೆ ಗಟ್ಟಿ ಸಿಲಿಕಾನ್ ಎಣ್ಣೆ. ಡಬ್ಬಿಯ ಮುಂದೆ ಒಂದು ಸುರುಳಿ ಅಥವಾ ಪಟ್ಟಿ ಇರುತ್ತದೆ, ಅದು ರೇಡಿಯೇಟರ್ ದಾಟಿ ಬರುವ ಗಾಳಿಯ ಬಿಸಿಗೆ ಬಾಗುತ್ತದೆ. ಬಾಗಿದಾಗ ಒಳಗಿನ ಬಾಗಿಲು ತೆರೆದು ಎಣ್ಣೆ ನಡುವೆ ಬರುತ್ತದೆ, ಫ್ಯಾನ್ ಎಂಜಿನ್ ಜೊತೆ ಬಿಗಿಯಾಗಿ ತಿರುಗುತ್ತದೆ. ತಣ್ಣಗಿದ್ದಾಗ ಸಡಿಲ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಗೊರ್ ಅಂತ ಸದ್ದು ಮಾಡಿ ಆಮೇಲೆ ಸುಮ್ಮನಾಗುತ್ತದಲ್ಲ, ಅದು ರೋಗ ಅಲ್ಲ, ರಾತ್ರಿ ಕೆಳಗೆ ಇಳಿದ ಎಣ್ಣೆ ತನ್ನ ಜಾಗಕ್ಕೆ ಹೋಗುವ ಸದ್ದು. ರೋಗ ಇರುವುದು ಮಧ್ಯಾಹ್ನ ನಿಂತು ಕಾಯುವಾಗ ಆ ಗೊರ್ ಸದ್ದು ಬರದೇ ಇದ್ದಾಗ.

ನೋಡುವುದು ಹೇಗೆ? ಗಾಡಿ ಚೆನ್ನಾಗಿ ಕಾದ ಮೇಲೆ ಎಂಜಿನ್ ಬಂದ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ಕೈಗೆ ದಪ್ಪ ಬಟ್ಟೆ ಸುತ್ತಿ ಫ್ಯಾನನ್ನು ಒಮ್ಮೆ ತಳ್ಳಿ. ಬಿಗಿ ತಾಗಬೇಕು, ಸ್ವಲ್ಪ ಹೋಗಿ ನಿಲ್ಲಬೇಕು. ಗಿರ್ರನೆ ಸುತ್ತು ಹೊಡೆದರೆ ಎಣ್ಣೆ ಹೋಗಿದೆ. ಡಬ್ಬಿಯ ಅಂಚಿನಲ್ಲಿ ಜಿಡ್ಡು, ಅದಕ್ಕೆ ಗೆರೆ ಗೆರೆಯಾಗಿ ಮೆತ್ತಿದ ಧೂಳು ಕಂಡರೆ ಖಾತ್ರಿ ಆಯಿತು. ಫ್ಯಾನಿನ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಜಾಸ್ತಿ ಆಡಿದರೆ ಬೇರಿಂಗ್ ಹೋಗಿದೆ. ಮುಂದಿನ ಸುರುಳಿಗೆ ಮಣ್ಣು ಮೆತ್ತಿದ್ದರೆ ಒರೆಸಿ, ಅದಕ್ಕೆ ಬಿಸಿ ಗೊತ್ತಾಗದಿದ್ದರೆ ಕ್ಲಚ್ ಹಿಡಿಯುವುದೇ ಇಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ಹುಡುಗರು ಕಿವಿಗೊಡಿ: ರೇಡಿಯೇಟರ್‌ನ ನಡುಭಾಗವೇ ಕಸದಿಂದ ಕಟ್ಟಿದ್ದರೆ ಸುರುಳಿಗೆ ಬಿಸಿ ಗಾಳಿ ತಲುಪುವುದಿಲ್ಲ, ಒಳ್ಳೆಯ ಕ್ಲಚ್ಚೂ ಕೆಟ್ಟದ್ದರ ಹಾಗೆ ನಡೆದುಕೊಳ್ಳುತ್ತದೆ. ಅದಕ್ಕೇ ತೊಳೆಯುವುದು ಮೊದಲು, ಕ್ಲಚ್ ಬದಲಿಸುವುದು ಆಮೇಲೆ.

ಕೆಲವರು ಕ್ಲಚ್ಚಿಗೆ ದುಡ್ಡು ಯಾಕೆ ಅಂತ ಬೋಲ್ಟ್ ಹೊಡೆದು ಫ್ಯಾನನ್ನು ಖಾಯಂ ಲಾಕ್ ಮಾಡುತ್ತಾರೆ. ದಾರಿಯಲ್ಲಿ ಸಿಕ್ಕಿಕೊಂಡಾಗ ಊರು ಮುಟ್ಟಲು ಸರಿ. ಹಾಗೇ ವರ್ಷಗಟ್ಟಲೆ ಓಡಿಸುವುದು ನನಗೆ ಒಪ್ಪಿಗೆ ಇಲ್ಲ: ಡೀಸೆಲ್ ಜಾಸ್ತಿ ತಿನ್ನುತ್ತದೆ, ಬೆಲ್ಟು, ವಾಟರ್ ಪಂಪಿನ ಬೇರಿಂಗು ಬೇಗ ಹೋಗುತ್ತವೆ, ಜೋರು ರೇಸಿನಲ್ಲಿ ಫ್ಯಾನಿನ ರೆಕ್ಕೆ ಮುರಿದು ರೇಡಿಯೇಟರ್‌ಗೇ ಬಡಿಯಬಹುದು.

ಬೆಲ್ಟನ್ನೂ ನೋಡಿ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಅದಕ್ಕಿಂತ ಬಹಳ ತಗ್ಗಿದರೆ, ಒಳಮೈ ಗಾಜಿನಂತೆ ನುಣುಪಾಗಿದ್ದರೆ ಬೆಲ್ಟ್ ಜಾರುತ್ತಿದೆ. ತಾನೇ ಬಿಗಿ ಮಾಡಿಕೊಳ್ಳುವ ಟೆನ್ಷನರ್ ಇರುವ ಗಾಡಿಯಲ್ಲಿ ಈ ಅಳತೆ ನಡೆಯುವುದಿಲ್ಲ, ಅಲ್ಲಿ ಟೆನ್ಷನರ್‌ನ ಗುರುತು ನೋಡಬೇಕು.

ಫ್ಯಾನ್ ಉಲ್ಟಾ ಹಾಕಿರುವುದೂ ಉಂಟು. ವಾಟರ್ ಪಂಪ್ ರಿಪೇರಿ ಮಾಡಿ ಜೋಡಿಸುವಾಗ ಅವಸರಕ್ಕೆ ಹಿಂದಿನದು ಮುಂದೆ ಆಗುತ್ತದೆ. ಹಾಗಾದರೂ ಬೆಲ್ಟಿನ ಫ್ಯಾನ್ ಗಾಳಿಯನ್ನು ಅದೇ ಕಡೆಗೆ ಎಳೆಯುತ್ತದೆ, ಆದರೆ ರೆಕ್ಕೆಯ ಡೊಂಕು ತಿರುಗಿರುವುದರಿಂದ ಅರೆಬರೆ ಎಳೆಯುತ್ತದೆ. ಕರೆಂಟ್ ಫ್ಯಾನಿನಲ್ಲಿ ಇದು ಇನ್ನೂ ಕೆಟ್ಟದ್ದು. ಮೋಟರ್ ಬದಲಿಸುವಾಗ ವೈರ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿಯನ್ನು ಮುಂದಕ್ಕೆ ಊದುತ್ತದೆ. ನೋಡಿದವರಿಗೆ ಫ್ಯಾನ್ ತಿರುಗುತ್ತಿದೆ, ಇನ್ನೇನು ಬೇಕು? ಒಂದು ಹಾಳೆ ಜಾಲಿಯ ಮುಂದೆ ಹಿಡಿಯಿರಿ. ಫ್ಯಾನ್ ಓಡುವಾಗ ಹಾಳೆ ಜಾಲಿಗೆ ಅಂಟಿಕೊಳ್ಳಬೇಕು. ದೂರ ಹಾರಿದರೆ ವೈರ್ ನೋಡಿ.

ಕರೆಂಟ್ ಫ್ಯಾನ್ ತಿರುಗದೇ ಇದ್ದರೆ ಸುಲಭದ ದಾರಿ ಎಸಿ. ಬಹುತೇಕ ಗಾಡಿಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ಬರಬೇಕು. ಬರದಿದ್ದರೆ ಫ್ಯೂಸ್ ನೋಡಿ, ಆಮೇಲೆ ಫ್ಯಾನಿಗೆ ಕರೆಂಟ್ ಬಿಡುವ ರಿಲೇ, ಆಮೇಲೆ ಸಾಕೆಟ್. ಸಾಕೆಟ್ ಬಿಚ್ಚಿ ಮೂಸಿ ನೋಡಿ, ಸುಟ್ಟ ವಾಸನೆ, ಕರಗಿದ ಪ್ಲಾಸ್ಟಿಕ್ ಬಹಳ ಸಲ ಅಲ್ಲೇ ಇರುತ್ತದೆ. ಮೋಟರ್‌ಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ತಿರುಗಿದರೆ ಮೋಟರ್ ಸರಿ ಇದೆ, ಆರ್ಡರ್ ಬರುತ್ತಿಲ್ಲ. ತಿರುಗದಿದ್ದರೆ, ಅಥವಾ ಒಂದು ಏಟು ಕೊಟ್ಟರೆ ಮಾತ್ರ ತಿರುಗಿದರೆ ಮೋಟರ್ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ. ಎರಡು ಸ್ಪೀಡಿನ ಫ್ಯಾನಿನಲ್ಲಿ ಕಡಿಮೆ ಸ್ಪೀಡಿನ ರೆಸಿಸ್ಟರ್ ಸುಟ್ಟಿದ್ದರೆ ಫ್ಯಾನ್ ತಡವಾಗಿ, ನೇರ ಜೋರು ಸ್ಪೀಡಿನಲ್ಲೇ ಬರುತ್ತದೆ. ಒಂದು ಎಚ್ಚರಿಕೆ: ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ಶುರುವಾಗುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚದೆ ಕೈ ಹಾಕಬೇಡಿ.

ಇಷ್ಟೆಲ್ಲ ನೋಡಿಯೂ ಗಾಳಿಯೋ ನೀರೋ ಅಂತ ಅನುಮಾನ ಉಳಿದರೆ ಗ್ಯಾರೇಜಿನ ದೊಡ್ಡ ಪೆಡಸ್ಟಲ್ ಫ್ಯಾನ್ ತನ್ನಿ. ಗಾಡಿ ಸ್ಲೋದಲ್ಲಿ ಕಾಯುತ್ತಿರುವಾಗ ಜಾಲಿಯ ಮುಂದೆ ಇಟ್ಟು ಜೋರಾಗಿ ಬಿಡಿ. ಕೆಲವೇ ನಿಮಿಷದಲ್ಲಿ ಅಂಕಿ ಇಳಿಯಲು ಶುರುವಾದರೆ ಗಾಡಿಯ ಸ್ವಂತ ಫ್ಯಾನ್ ಅಥವಾ ಕವರ್ ತನ್ನ ಕೆಲಸ ಮಾಡುತ್ತಿಲ್ಲ. ಏನೂ ಬದಲಾಗದಿದ್ದರೆ ನೀರಿನ ಕಡೆ ತಿರುಗಿ, ಇಲ್ಲವೇ ರೆಕ್ಕೆಗಳು ಇನ್ನೂ ಕಟ್ಟಿವೆಯಾ ಅಂತ ಇನ್ನೊಮ್ಮೆ ಬೆಳಕು ಬಿಟ್ಟು ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ನೇರವಾದ ಪರೀಕ್ಷೆ ಇನ್ನೊಂದಿಲ್ಲ, ಆದರೂ ಯಾರೂ ಮಾಡುವುದಿಲ್ಲ.

ಗನ್ ಇದ್ದರೆ ಹೋಸ್‌ಗಳನ್ನೂ ಅಳೆಯಿರಿ. ಮೇಲಿನ ಹೋಸೂ ಕಾದಿದೆ, ಕೆಳಗಿನದೂ ಹೆಚ್ಚುಕಡಿಮೆ ಅಷ್ಟೇ ಕಾದಿದೆ ಅಂದರೆ ನೀರು ಓಡುತ್ತಿದೆ, ಗಾಳಿ ಬಿಸಿಯನ್ನು ತಗೊಳ್ಳುತ್ತಿಲ್ಲ. ಎಂಜಿನ್ ಸುಡುತ್ತಿದೆ, ಕೆಳಗಿನ ಹೋಸ್ ಮಾತ್ರ ತಣ್ಣಗಿದೆ ಅಂದರೆ ನೀರೇ ಓಡುತ್ತಿಲ್ಲ. ರೇಡಿಯೇಟರ್ ಮುಖದ ಮೇಲೆಲ್ಲ ಗನ್ ಆಡಿಸಿದಾಗ ಒಂದು ಕಡೆ ಮಾತ್ರ ತಣ್ಣನೆಯ ತೇಪೆ ಸಿಕ್ಕರೆ ಅಲ್ಲಿನ ಟ್ಯೂಬ್‌ಗಳು ಒಳಗಿನಿಂದ ಕಟ್ಟಿವೆ.

ನೀರಿನ ವಿಷಯವನ್ನು ಸ್ವಲ್ಪ ಬೇಗ ಮುಗಿಸುತ್ತೇನೆ. ಬೆಳಿಗ್ಗೆ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗೇ ನೋಡಿ. ಪಕ್ಕದ ಬಾಟಲಿಯಲ್ಲಿ ನೀರಿದೆ ಅಂದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಅಂತಲ್ಲ. ಕಾದಾಗ ಮುಚ್ಚಳ ತೆಗೆಯಲೇಬೇಡಿ. ಒಳಗೆ ಒತ್ತಡದಲ್ಲಿ 110 ಡಿಗ್ರಿಯಲ್ಲೂ ನೀರಾಗಿಯೇ ಇದ್ದದ್ದು ಮುಚ್ಚಳ ಸಡಿಲಿಸಿದ ಕ್ಷಣದಲ್ಲಿ ಆವಿಯಾಗಿ ಮುಖಕ್ಕೆ ಬರುತ್ತದೆ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದಲ್ಲ, ಅದು ಒತ್ತಡದ ಅಳತೆ. ಅಷ್ಟು ಒತ್ತಡ ಹಿಡಿದರೆ ಸಾದಾ ನೀರೂ ಸುಮಾರು 120 ಡಿಗ್ರಿ ತನಕ ಕುದಿಯುವುದಿಲ್ಲ. ರಬ್ಬರ್ ಹರಿದ ಮುಚ್ಚಳ ಒತ್ತಡ ಹಿಡಿಯುವುದಿಲ್ಲ, ನೂರಕ್ಕೇ ಕುದಿಯುತ್ತದೆ. ಬೆಳಿಗ್ಗೆ ಮೇಲಿನ ಹೋಸ್ ಒಳಕ್ಕೆ ಚಪ್ಪಟೆಯಾಗಿದ್ದರೆ ಮುಚ್ಚಳದ ನಡುವಿನ ಸಣ್ಣ ವಾಲ್ವ್ ಅಂಟಿಕೊಂಡಿದೆ. ಸಿಕ್ಕ ಮುಚ್ಚಳ ಹಾಕಬೇಡಿ, ಅದೇ ನಂಬರಿನದು ತನ್ನಿ.

ವಾಟರ್ ಪಂಪ್, ನಮ್ಮವರು ವಾಟರ್ ಬಾಡಿ ಅಂತಲೂ ಕರೆಯುವುದು, ಸ್ಲೋದಲ್ಲಿ ಮೊದಲೇ ನಿಧಾನ ತಿರುಗುತ್ತದೆ. ಒಳಗಿನ ರೆಕ್ಕೆ ತುಕ್ಕಿನಿಂದ ಸವೆದಿದ್ದರೆ ಸ್ಲೋದಲ್ಲಿ ನೀರು ಮುಂದೆ ಹೋಗುವುದಿಲ್ಲ, ರೇಸ್ ಕೊಟ್ಟರೆ ಹೋಗುತ್ತದೆ. "ರೇಸ್ ಕೊಟ್ರ ಇಳೀತೈತಿ" ಅಂತ ಹೇಳುವವರಿಗೆ ನಾನು ಕೇಳುವುದು ಫ್ಯಾನ್ ಯಾವ ಥರದ್ದು ಅಂತ. ಬೆಲ್ಟಿನ ಫ್ಯಾನ್ ಆದರೆ ರೇಸ್ ಕೊಟ್ಟಾಗ ಫ್ಯಾನೂ ಜೋರು, ಪಂಪೂ ಜೋರು, ಏನೂ ತಿಳಿಯುವುದಿಲ್ಲ. ಕರೆಂಟ್ ಫ್ಯಾನ್ ಆದರೆ ಜೋರಾದದ್ದು ಪಂಪ್ ಮಾತ್ರ, ಆಗ ಅನುಮಾನ ಪಂಪ್ ಮೇಲೆ, ಇಲ್ಲವೇ ಒಳಗೆ ಸಿಕ್ಕಿಕೊಂಡ ಗಾಳಿಯ ಮೇಲೆ. ಇತ್ತೀಚೆಗೆ ಹೋಸ್ ಅಥವಾ ಕೂಲಂಟ್ ಬದಲಿಸಿದ್ದರೆ ಏರ್‌ಲಾಕ್ ಇರಬಹುದು. ಗಾಡಿಯ ಮುಂಭಾಗ ಎತ್ತರದಲ್ಲಿರುವಂತೆ ನಿಲ್ಲಿಸಿ, ಹೀಟರ್ ಇದ್ದರೆ ಅದನ್ನು ಪೂರ್ತಿ ತೆರೆದು, ಏರ್ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ತಣ್ಣಗಿರುವಾಗಲೇ ನಿಧಾನ ತುಂಬಿಸಿ.

ಥರ್ಮೋಸ್ಟಾಟ್ ಬಗ್ಗೆ ಜಗಳವೇ ಆಗುತ್ತದೆ. "ನಮ್ಮ ಬಿಸಿಲಿಗೆ ಅದು ಯಾಕ್ರೀ, ಅದು ಚಳಿ ದೇಶದೋರಿಗೆ" ಅನ್ನುತ್ತಾರೆ. ಹಲವು ಎಂಜಿನ್‌ಗಳಲ್ಲಿ ಆ ವಾಲ್ವ್ ಎರಡು ಕೆಲಸ ಮಾಡುತ್ತದೆ: ಕಾದಾಗ ರೇಡಿಯೇಟರ್ ದಾರಿ ತೆರೆಯುತ್ತದೆ, ಅದೇ ಹೊತ್ತಿಗೆ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತು ಹಾಕಿದರೆ ಅಡ್ಡದಾರಿ ಸದಾ ತೆರೆದಿರುತ್ತದೆ. ಅರ್ಧ ನೀರು ರೇಡಿಯೇಟರ್ ಮುಟ್ಟದೆ ಎಂಜಿನ್‌ನಲ್ಲೇ ಸುತ್ತುತ್ತದೆ, ಹೀಟ್ ಕಡಿಮೆ ಆಗುವ ಬದಲು ಜಾಸ್ತಿ ಆಗುತ್ತದೆ! ಅನುಮಾನ ಇದ್ದರೆ ಬಿಚ್ಚಿ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಅಂತಲೋ 88 ಅಂತಲೋ ಬರೆದಿರುತ್ತದೆ. ಅಲ್ಲಿ ತೆರೆಯಲು ಶುರುವಾಗಿ, ಇನ್ನು ಹತ್ತು ಹದಿನೈದು ಡಿಗ್ರಿಯಲ್ಲಿ ಪೂರ್ತಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ, ಖಾಲಿ ಬಿಡಬೇಡಿ.

ನೀರು ಯಾವುದು ಹಾಕಬೇಕು? ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಕೊಪ್ಪಳ, ರಾಯಚೂರು ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ನಾನು ಹೇಳಬೇಕಾ? ನೀರು ಕಾಯಿಸುವ ಪಾತ್ರೆಗೆ ಹಿಡಿಯುವ ಬಿಳಿ ಉಪ್ಪೇ ರೇಡಿಯೇಟರ್ ಟ್ಯೂಬಿಗೂ ಹಿಡಿಯುತ್ತದೆ. ಕೂಲಂಟ್ ಅಂದರೆ ಹಿಮ ಬೀಳುವವರಿಗೆ ಅಂದುಕೊಳ್ಳಬೇಡಿ, ಅದು ಕುದಿಯುವ ಬಿಂದುವನ್ನು ಮೇಲೆ ಏರಿಸುತ್ತದೆ, ತುಕ್ಕು ತಡೆಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ ಬೆರೆಸಿ, ಅಥವಾ ಬೆರೆಸಿದ್ದನ್ನೇ ಕೊಳ್ಳಿ. ಬರೀ ಕೂಲಂಟ್ ತುಂಬಿದರೆ ಇನ್ನೂ ತಂಪು ಅಂತಲೂ ತಿಳಿಯಬೇಡಿ, ನೀರು ಹೊರುವಷ್ಟು ಬಿಸಿಯನ್ನು ಅದು ಹೊರುವುದಿಲ್ಲ. ಇನ್ನು ಸೋರುವ ರೇಡಿಯೇಟರ್‌ಗೆ ಅರಿಶಿಣ ಪುಡಿ ಹಾಕುವ ಪುಣ್ಯಾತ್ಮರು ಇದ್ದಾರೆ. ತೂತು ಮುಚ್ಚುತ್ತದೆ ನಿಜ, ಜೊತೆಗೆ ಒಳ್ಳೆಯ ಟ್ಯೂಬೂ ಮುಚ್ಚುತ್ತದೆ.

ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿನ ಕೆಳಗಿನ ಪ್ಯಾಕಿಂಗ್, ಕೊನೆಗೆ ಇಟ್ಟಿದ್ದೇನೆ, ಬೇಕಂತಲೇ. ಅದು ಹೋಗಿದ್ದರೆ ಸಾಮಾನ್ಯವಾಗಿ ಲೋಡಿನಲ್ಲಿ ಮೊದಲು ಕಾಯುತ್ತದೆ, ಬರೀ ನಿಂತಾಗ ಅಲ್ಲ. ಗುರುತು ಬೇರೆ ಇವೆ: ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ರೇಡಿಯೇಟರ್‌ನಲ್ಲಿ ನಿಲ್ಲದೆ ಗುಳ್ಳೆ ಬರುವುದು, ಆಯಿಲ್ ಹಾಲು ಬೆರೆಸಿದಂತಾಗುವುದು, ಬಿಳಿ ಹೊಗೆ. ಕೂಲಂಟ್ ಎಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ ಈಗಿನ ಡೀಸೆಲ್ ಗಾಡಿಗಳಲ್ಲಿ ಎಂಜಿನ್‌ಗೆ ಮರಳುವ ಹೊಗೆಯನ್ನು ತಣ್ಣಗೆ ಮಾಡುವ ಇಜಿಆರ್ ಕೂಲರ್ ಒಳಗೆ ಸೋರಿರಲೂಬಹುದು, ಹೆಡ್ ಇಳಿಸುವ ಮೊದಲು ಅದನ್ನೂ ನೋಡಿ. ಈ ಗುರುತುಗಳಲ್ಲಿ ಒಂದೂ ಇಲ್ಲದೆ "ಹೆಡ್ ಇಳಿಸಬೇಕು" ಅಂದರೆ ಬೇರೆ ಗ್ಯಾರೇಜಿಗೆ ಹೋಗಿ. ಇದನ್ನು ಗ್ಯಾರೇಜಿನವನಾಗಿಯೇ ಹೇಳುತ್ತಿದ್ದೇನೆ.

"ಲೈನಿನ್ಯಾಗ ನಿಂತಾಗ ಮುಳ್ಳು ಏರಿಬಿಟ್ರ ಏನ್ ಮಾಡ್ಬೇಕ್ರೀ?" ಅಂತ ಒಬ್ಬ ಹುಡುಗ ಕೇಳಿದ. ಎಸಿ ಬಂದ್ ಮಾಡು ತಮ್ಮಾ. ಹೀಟರ್ ಇದ್ದರೆ ಪೂರ್ತಿ ಬಿಡು, ಕ್ಯಾಬಿನ್‌ನಲ್ಲಿ ಬೆವರು ಕಿತ್ತುಬರುತ್ತದೆ, ಆದರೆ ಅದೂ ಒಂದು ಸಣ್ಣ ರೇಡಿಯೇಟರೇ. ಇನ್ನೂ ಏರುತ್ತಿದ್ದರೆ, ಆವಿ ಕಂಡರೆ ಎಂಜಿನ್ ಬಂದ್ ಮಾಡು, ಬಾನೆಟ್ ಎತ್ತು, ಅರ್ಧ ಗಂಟೆಯಾದರೂ ಮುಟ್ಟಬೇಡ. ಕಾದ ಎಂಜಿನ್ ಮೇಲೆ ಕೊಡದಲ್ಲಿ ತಣ್ಣೀರು ಸುರಿಯಬೇಡ, ಹೆಡ್ ಬಿರುಕು ಬಿಡುತ್ತದೆ. ಆರಿದ ಮೇಲೆ ಮುಚ್ಚಳ ತೆಗೆದು, ಎಂಜಿನ್ ಸ್ಟಾರ್ಟ್ ಮಾಡಿ ಸ್ಲೋದಲ್ಲಿ ಇಟ್ಟು ನಿಧಾನವಾಗಿ ನೀರು ಸೇರಿಸು. ಅಂಥ ಹೊತ್ತಿನಲ್ಲಿ ಬೋರ್ ನೀರಾದರೂ ಸರಿ, ಊರು ಮುಟ್ಟಿದ ಮೇಲೆ ತೆಗೆದುಬಿಡು.

ಕೊನೆಯ ಪ್ರಶ್ನೆ ಬಿಎಸ್-6, ಅಂದರೆ ಹೊಗೆ ಮಿತಿಯ ಹೊಸ ನಿಯಮದ ಗಾಡಿಯವರದು. "ಹೊಸ ಗಾಡಿ, ಸುಮ್ನ ನಿಂತಾಗ ತಾನ ರೇಸ್ ಏರಸ್ತೈತಿ, ಫ್ಯಾನ್ ಜೋರ್ ಓಡ್ತೈತಿ, ಸುಟ್ಟ ವಾಸನಿ ಬರ್ತೈತಿ, ಇದೂ ಹೀಟೇನ್ರೀ?" 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಹಲವು ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯುವ ಡಬ್ಬಿ ಇದೆ. ತುಂಬಿದಾಗ ಗಾಡಿ ತಾನೇ ಅದನ್ನು ಬಿಸಿ ಮಾಡಿ ಮಸಿ ಸುಡುತ್ತದೆ, ಆಗ ರೇಸ್ ಏರುವುದು, ಫ್ಯಾನ್ ಜೋರಾಗುವುದು ಸಹಜ. ಕೂಲಂಟ್ ಅಂಕಿ ಸರಿ ಇದ್ದರೆ ಅದು ಹೀಟಿಂಗ್ ದೂರು ಅಲ್ಲ, ನಡುವೆ ಬಂದ್ ಮಾಡದೆ ಮುಗಿಯಲು ಬಿಡಿ. ಆದರೆ ಆಗ ಸೈಲೆನ್ಸರ್ ವಿಪರೀತ ಕಾದಿರುತ್ತದೆ. ಕಣದಲ್ಲಿ ಒಣ ಹುಲ್ಲಿನ ಮೇಲೆ ಗಾಡಿ ನಿಂತಿದ್ದರೆ ತಕ್ಷಣ ಅಲ್ಲಿಂದ ಸರಿಸಿ.